ಬಿಡುವಾಗಿರುವ ಲಿನಕ್ಸ್ ಕಂಪ್ಯೂಟರನ್ನು ವಿಜ್ಞಾನಕ್ಕೆ ದುಡಿಸುವುದು: ಮನೆಯ ಕಡತಗಳಿಗೆ ಅಪಾಯವಾಗದಂತೆ ಹೇಗೆ?

ಪ್ರಶ್ನೆ: ನನ್ನ ಬಳಿ ಎಂಟು ಕೋರ್, ಹದಿನಾರು ಥ್ರೆಡ್, 16 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪ್ ಇದೆ. ಉಬುಂಟು ಹಾಕಿಕೊಂಡಿದ್ದೇನೆ. ದಿನದ ಬಹುಪಾಲು ಅದು ಸುಮ್ಮನೆ ಕೂತಿರುತ್ತದೆ. ಆ ಶಕ್ತಿಯನ್ನು ಸಂಶೋಧನೆಗೆ ಕೊಡಬಹುದು ಎಂದು ಓದಿದೆ. ಆದರೆ ಅದೇ ಯಂತ್ರದಲ್ಲಿ ಬ್ಯಾಂಕಿನ ಕಾಗದಪತ್ರಗಳಿವೆ, ಮನೆಯವರ ಫೋಟೊಗಳಿವೆ. ಎರಡನೇ ಡಿಸ್ಕ್‌ನಲ್ಲಿ ಹಳೆಯ ವಿಂಡೋಸ್ ಕೂಡ ಇದೆ. ಯಾರೋ ಬರೆದ ಪ್ರೋಗ್ರಾಂ ಹಗಲೂ ರಾತ್ರಿ ಇಲ್ಲಿ ಓಡುವುದು ಸುರಕ್ಷಿತವೇ? ಹೇಗೆ ಸಿದ್ಧಪಡಿಸಬೇಕು?

ಉತ್ತರ: ಸುರಕ್ಷಿತವಾಗಿ ಮಾಡಬಹುದು. ಆದರೆ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮುಖ್ಯವಾಗಿ, ನೀವು ಕೊನೆಯಲ್ಲಿ ಹೇಳಿದ ಆ ಎರಡನೇ ಡಿಸ್ಕ್ ಇದೆಯಲ್ಲ, ತೂತು ಇರುವುದು ಅಲ್ಲೇ. ಅದಕ್ಕೆ ಮುಂದೆ ಬರುತ್ತೇನೆ. ಕೆಳಗಿನ ಆಜ್ಞೆಗಳನ್ನೂ ಕಡತದ ಹೆಸರುಗಳನ್ನೂ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಮೊದಲು ಯಾರಿಗೆ ಕೊಡುತ್ತೀರಿ ಎಂಬುದು ತೀರ್ಮಾನವಾಗಲಿ. ವಿಶ್ವವಿದ್ಯಾಲಯಗಳೂ ಪ್ರಯೋಗಾಲಯಗಳೂ ನಡೆಸುವ ಯೋಜನೆಗಳಿಗೆ ಕೊಡುವುದು ಒಂದು ಬಗೆ. ಹಣ ಅಥವಾ ಟೋಕನ್ ಪಡೆದು ಅಪರಿಚಿತರ ಕಂಟೇನರ್‌ಗಳನ್ನು (ಕಟ್ಟು ಕಟ್ಟಿ ಕಳಿಸಿದ ಪ್ರೋಗ್ರಾಂಗಳನ್ನು) ಓಡಿಸಿಕೊಡುವುದು ಇನ್ನೊಂದು ಬಗೆ. ಎರಡನೆಯದನ್ನು ಬ್ಯಾಂಕಿನ ಕಾಗದವಿರುವ ಯಂತ್ರದಲ್ಲಿ ಖಂಡಿತ ಮಾಡಬೇಡಿ. ಅಲ್ಲಿ ದುಡ್ಡು ಕೊಟ್ಟ ಯಾರು ಬೇಕಾದರೂ ತಮಗೆ ಬೇಕಾದ ಕೋಡ್ ಕಳಿಸಬಹುದು. ಕಂಟೇನರ್ ಓಡಿಸಲು ಸಾಮಾನ್ಯವಾಗಿ ಬಳಸುವ ತಂತ್ರಾಂಶ ಡಾಕರ್; ಅದರ ಗುಂಪಿಗೆ ಸೇರಿದ ಬಳಕೆದಾರ ಬೇಕೆಂದರೆ ರೂಟ್ ಅಧಿಕಾರವನ್ನೇ, ಅಂದರೆ ಇಡೀ ಯಂತ್ರದ ಹಿಡಿತವನ್ನೇ, ಪಡೆಯಬಲ್ಲ. ಸಾಲದ್ದಕ್ಕೆ ಡಾಕರ್ ತೆರೆಯುವ ಪೋರ್ಟ್‌ಗಳು ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನ (ಬೇಡದ ನೆಟ್‌ವರ್ಕ್ ಸಂಪರ್ಕ ತಡೆಯುವ ಗೋಡೆ) ನಿಯಮಗಳನ್ನು ದಾಟಿಕೊಂಡು ಹೋಗುತ್ತವೆ. ಅದಕ್ಕೆ ಬೇರೆಯೇ ಯಂತ್ರ ಬೇಕು.

ಮೊದಲ ಬಗೆಯಲ್ಲಿ ಎರಡು ದಾರಿಗಳಿವೆ: ಬಾಯಿಂಕ್ ಮತ್ತು ಫೋಲ್ಡಿಂಗ್ ಅಟ್ ಹೋಮ್. ಬಾಯಿಂಕ್ ಬರ್ಕ್ಲಿಯಲ್ಲಿ ಡೇವಿಡ್ ಆಂಡರ್ಸನ್ ಮುಂದಾಳತ್ವದಲ್ಲಿ ಬೆಳೆದ, ಸ್ವಯಂಸೇವಕರ ಕಂಪ್ಯೂಟರ್‌ಗಳಿಗೆ ಸಂಶೋಧನೆಯ ಲೆಕ್ಕಗಳನ್ನು ಹಂಚುವ ತೆರೆದ ಆಕರದ ಚೌಕಟ್ಟು. 1999ರ ಮೇ ತಿಂಗಳಲ್ಲಿ ಶುರುವಾದ ಸೆಟಿ ಅಟ್ ಹೋಮ್ (ಅನ್ಯಲೋಕದ ಬುದ್ಧಿಜೀವಿಗಳ ಸಂಕೇತ ಹುಡುಕುವ) ಯೋಜನೆಯ ಅನುಭವದಿಂದ ಹುಟ್ಟಿದ್ದು. ಸೆಟಿ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಕಳಿಸುವುದನ್ನು ನಿಲ್ಲಿಸಿತು. ಪಲ್ಸಾರ್‌ಗಳನ್ನು (ಮಿಡಿಯುವ ನಕ್ಷತ್ರಗಳನ್ನು) ಹುಡುಕುವ ಐನ್‌ಸ್ಟೈನ್ ಅಟ್ ಹೋಮ್, ಪ್ರೋಟೀನ್ ರಚನೆಯ ರೊಸೆಟ್ಟಾ, ಯೂರೋಪಿನ ಕಣ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿ ಅಟ್ ಹೋಮ್, ಅವಿಭಾಜ್ಯ ಸಂಖ್ಯೆಗಳ ಪ್ರೈಮ್‌ಗ್ರಿಡ್ ಇವೆಲ್ಲ ಅದೇ ಚೌಕಟ್ಟಿನ ಮೇಲೆ ನಿಂತಿವೆ. ಪ್ರೋಟೀನ್‌ಗಳು ಮಡಚಿಕೊಳ್ಳುವ ಬಗೆಯನ್ನು ಲೆಕ್ಕ ಹಾಕುವ ಫೋಲ್ಡಿಂಗ್ 2000ದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾಯಿತು. ಅದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ. ನಿಮ್ಮ ಯಂತ್ರಕ್ಕೆ ಬಾಯಿಂಕ್ ಸಾಕು. ಒಂದೋ ಎರಡೋ ಯೋಜನೆ ಆರಿಸಿಕೊಳ್ಳಿ. ಹತ್ತು ಯೋಜನೆಗೆ ಸೇರಿದರೆ ಹತ್ತು ತಂಡಗಳ ಕೋಡನ್ನು ನಂಬಿದಂತೆ, ಅಷ್ಟೇ.

ಈಗ ನಂಬಿಕೆಯ ಲೆಕ್ಕ. ಬಾಯಿಂಕ್ ಯೋಜನೆಗಳು ತಮ್ಮ ಪ್ರೋಗ್ರಾಂ ಕಡತಗಳಿಗೆ ಡಿಜಿಟಲ್ ಸಹಿ ಹಾಕುತ್ತವೆ. ನಿಮ್ಮ ಯಂತ್ರದಲ್ಲಿ ಓಡುವ ಬಾಯಿಂಕ್ ಪ್ರೋಗ್ರಾಂ, ಅಂದರೆ ಕ್ಲಯಂಟ್, ಆ ಸಹಿ ಸರಿಯಿದೆಯೇ ನೋಡಿ ಆಮೇಲೆ ಓಡಿಸುತ್ತದೆ. ಸಹಿಯ ಖಾಸಗಿ ಕೀಲಿಯನ್ನು ನೆಟ್‌ಗೆ ಜೋಡಿಸದ ಯಂತ್ರದಲ್ಲಿ ಇಡಿ ಎಂದು ಬಾಯಿಂಕ್ ಯೋಜನೆಗಳಿಗೆ ಸಲಹೆ ಕೊಡುತ್ತದೆ. ಹಾಗೆ ಇಟ್ಟಿದ್ದರೆ, ಯೋಜನೆಯ ಸರ್ವರ್ ಯಾರದೋ ಕೈಗೆ ಸಿಕ್ಕರೂ ಹೊಸ ಪ್ರೋಗ್ರಾಂ ಒಂದನ್ನು ನಿಮ್ಮ ಮೇಲೆ ಹೇರುವುದು ಸುಲಭವಲ್ಲ. ಆದರೆ ಸಹಿ ಹೇಳುವುದು ಪ್ರೋಗ್ರಾಂ ಎಲ್ಲಿಂದ ಬಂತು ಎಂಬುದನ್ನು ಮಾತ್ರ. ಅದರೊಳಗೆ ದೋಷವಿಲ್ಲ ಎಂಬುದಕ್ಕೆ ಅದು ಖಾತರಿಯಲ್ಲ. ಓಡುವುದೂ ಸಾಮಾನ್ಯ ಲಿನಕ್ಸ್ ಪ್ರೋಗ್ರಾಂ ಆಗಿಯೇ, ನೆಟ್‌ವರ್ಕ್ ಸಂಪರ್ಕದೊಂದಿಗೆ. ಆದ್ದರಿಂದ ಅದಕ್ಕೆ ಕೈಚಾಚಲು ಏನೂ ಸಿಗದಂತೆ ಮಾಡುವುದೇ ನಮ್ಮ ಕೆಲಸ.

ಅಳವಡಿಕೆ ಸುಲಭ. ಉಬುಂಟು, ಡೆಬಿಯನ್‌ಗಳ ಸ್ವಂತ ಭಂಡಾರದಲ್ಲೇ ಬಾಯಿಂಕ್-ಕ್ಲಯಂಟ್, ಬಾಯಿಂಕ್-ಮ್ಯಾನೇಜರ್ ಪ್ಯಾಕೇಜ್‌ಗಳಿವೆ. ಪ್ಯಾಕೇಜ್ ಹಾಕುವ ಆಪ್ಟ್ ಆಜ್ಞೆಯ ಮೂಲಕ ಎರಡನ್ನೂ ಹಾಕಿ. ಎಲ್ಲಿಂದಲೋ ಸ್ಕ್ರಿಪ್ಟ್ ಇಳಿಸಿ ರೂಟ್ ಆಗಿ ಓಡಿಸುವ ದಾರಿ ಬೇಡವೇ ಬೇಡ. ಈ ಪ್ಯಾಕೇಜ್ ‘ಬಾಯಿಂಕ್’ ಹೆಸರಿನ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಕ್ಲಯಂಟನ್ನು ಸಿಸ್ಟಮ್‌ಡಿ (ಹಿನ್ನೆಲೆಯ ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ ಆ ಹೆಸರಿನಲ್ಲಿ ಓಡಿಸುತ್ತದೆ. ಕೆಲಸಗಳೆಲ್ಲ /ವರ್/ಲಿಬ್/ಬಾಯಿಂಕ್-ಕ್ಲಯಂಟ್ ಕೋಶದೊಳಗೆ ನಡೆಯುತ್ತವೆ. ನಿಮ್ಮ ಸ್ವಂತ ಖಾತೆಯಿಂದ ಕ್ಲಯಂಟನ್ನು ನೇರವಾಗಿ ಓಡಿಸಿದರೆ ಈ ಗೋಡೆ ಇರುವುದಿಲ್ಲ, ನಿಮ್ಮ ಎಲ್ಲ ಕಡತಗಳೂ ಅದಕ್ಕೆ ತೆರೆದಂತೆಯೇ.

ಮ್ಯಾನೇಜರ್ ತೆರೆದಾಗ ಸಂಪರ್ಕ ಸಿಗದಿದ್ದರೆ, ಅಥವಾ ಬಾಯಿಂಕ್-ಸಿಎಂಡಿ ಆಜ್ಞೆ ‘ಆಥರೈಸೇಷನ್ ಫೇಲ್ಯೂರ್: -155’ ಎಂದರೆ, ಗುಪ್ತಪದವಿರುವ ಜಿಯುಐ-ಆರ್‌ಪಿಸಿ-ಆಥ್ ಕಡತವನ್ನು ಓದಲು ನಿಮಗೆ ಅನುಮತಿ ಇಲ್ಲ ಎಂದರ್ಥ. ಯೂಸರ್‌ಮಾಡ್ ಆಜ್ಞೆಯಿಂದ ನಿಮ್ಮನ್ನು ಬಾಯಿಂಕ್ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಬಾಯಿಂಕ್-ಸಿಎಂಡಿ ಆಜ್ಞೆಯನ್ನು ಬಾಯಿಂಕ್‌ನ ದತ್ತಾಂಶ ಕೋಶದೊಳಗೆ ನಿಂತೇ ಕೊಡಿ. ಯೂಸರ್‌ಮಾಡ್‌ಗೆ ‘ಎ’ ಮತ್ತು ‘ಜಿ’ ಎರಡೂ ಆಯ್ಕೆ ಕೊಡಬೇಕು, ‘ಜಿ’ ದೊಡ್ಡಕ್ಷರ. ‘ಎ’ ಮರೆತರೆ ಉಳಿದ ಎಲ್ಲ ಗುಂಪುಗಳಿಂದಲೂ, ರೂಟ್ ಅಧಿಕಾರ ಕೊಡುವ ಸುಡೊದಿಂದಲೂ ಸೇರಿ, ಹೊರಬೀಳುತ್ತೀರಿ.

ಯೋಜನೆಗೆ ಸೇರುವಾಗ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಯಂತ್ರವನ್ನು ಜೋಡಿಸಲು ಪಾಸ್‌ವರ್ಡೂ ಬೇಕಿಲ್ಲ, ಪೂರ್ಣ ಖಾತೆ ಕೀಲಿಯೂ ಬೇಕಿಲ್ಲ. ಯೋಜನೆಯ ಜಾಲತಾಣದಲ್ಲಿ ನಿಮ್ಮ ಖಾತೆಯ ಪುಟದೊಳಗೆ ‘ವೀಕ್ ಅಕೌಂಟ್ ಕೀ’ ಎಂಬುದು ಸಿಗುತ್ತದೆ. ಅದರಿಂದ ಕಂಪ್ಯೂಟರ್ ಜೋಡಿಸಬಹುದು, ಖಾತೆಯೊಳಗೆ ಹೋಗಿ ಏನನ್ನೂ ಬದಲಿಸಲಾಗದು. ಯಂತ್ರದಿಂದ ಕದ್ದರೂ ಕಳ್ಳನಿಗೆ ಅದರಿಂದ ಪ್ರಯೋಜನವಿಲ್ಲ. ಯೋಜನೆಯ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವುದನ್ನೇ ಕೊಡಿ. ‘ಅಕೌಂಟ್ ಮ್ಯಾನೇಜರ್’ ಸೇವೆಗಳೂ ಇವೆ, ಅನುಕೂಲವೇ ಹೌದು. ಆದರೆ ಅವು ನಿಮ್ಮ ಯಂತ್ರವನ್ನು ತಾವಾಗಿಯೇ ಹೊಸ ಯೋಜನೆಗಳಿಗೆ ಸೇರಿಸಬಲ್ಲವು. ಒಂದೇ ಯಂತ್ರ ಇರುವವರಿಗೆ ಆ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ನಿಮ್ಮ ಎರಡನೇ ಡಿಸ್ಕ್. ಡೆಬಿಯನ್, ಉಬುಂಟುಗಳ ಬಾಯಿಂಕ್ ಸೇವೆಯ ಕಡತದಲ್ಲಿ ‘ಪ್ರೊಟೆಕ್ಟ್ ಹೋಮ್’ ಎಂಬ ಸಾಲು ಇದೆ. ಇದರಿಂದ /ಹೋಮ್, /ರೂಟ್, /ರನ್/ಯೂಸರ್ ಮೂರೂ ಆ ಸೇವೆಗೆ ಖಾಲಿಯಾಗಿ ಕಾಣುತ್ತವೆ. ‘ಪ್ರೊಟೆಕ್ಟ್ ಸಿಸ್ಟಮ್’ ಸಾಲಿನಿಂದ ಉಳಿದ ವ್ಯವಸ್ಥೆ ಓದಲು ಮಾತ್ರ. ಇಷ್ಟನ್ನು ನೋಡಿ ಅನೇಕರು ನಿಶ್ಚಿಂತರಾಗುತ್ತಾರೆ. ಆದರೆ /ಎಂಎನ್‌ಟಿ ಅಥವಾ /ಮೀಡಿಯಾ ಕೆಳಗೆ ಮೌಂಟ್ ಆಗಿರುವ (ಜೋಡಣೆಯಾಗಿರುವ) ಡಿಸ್ಕ್ ಈ ರಕ್ಷಣೆಯೊಳಗೆ ಬರುವುದಿಲ್ಲ. ಅದರಲ್ಲೂ ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಭಾಗವನ್ನು ಡಿಸ್ಕ್‌ಗಳ ಜೋಡಣೆಯನ್ನು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೀ ‘ಡಿಫಾಲ್ಟ್ಸ್’ ಎಂದು ಬರೆದು ಜೋಡಿಸಿದ್ದರೆ, ಸಾಮಾನ್ಯವಾಗಿ ಯಂತ್ರದ ಪ್ರತಿಯೊಬ್ಬ ಬಳಕೆದಾರನೂ ಅದನ್ನು ಓದಬಹುದು. ಬಾಯಿಂಕ್ ಎಂಬ ಬಳಕೆದಾರನೂ ಅವರಲ್ಲೊಬ್ಬ. ಈಗಲೇ ಪರೀಕ್ಷಿಸಿ: ಸುಡೊಗೆ ‘ಯು’ ಆಯ್ಕೆಯಲ್ಲಿ ಬಾಯಿಂಕ್ ಹೆಸರು ಕೊಟ್ಟು, ಆ ಡಿಸ್ಕಿನ ಕೋಶದ ಮೇಲೆ ಎಲ್‌ಎಸ್ ಓಡಿಸಿ. ಕಡತಗಳ ಪಟ್ಟಿ ಕಣ್ಣೆದುರು ಬಂದರೆ ಬಾಗಿಲು ತೆರೆದಿದೆ.

ಮುಚ್ಚುವುದು ಹೀಗೆ. ‘ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್ ಬಾಯಿಂಕ್-ಕ್ಲಯಂಟ್’ ಎಂದರೆ ಸೇವೆಯ ಮೂಲ ಕಡತವನ್ನು ಮುಟ್ಟದೆ ನಿಮ್ಮದೇ ಸೇರ್ಪಡೆ ಬರೆಯುವ ಕಡತ ತೆರೆಯುತ್ತದೆ. ಪ್ಯಾಕೇಜ್ ನವೀಕರಣವಾದರೂ ಇದು ಉಳಿಯುತ್ತದೆ. ಚೌಕ ಆವರಣದಲ್ಲಿ ‘ಸರ್ವಿಸ್’ ಎಂಬ ತಲೆಸಾಲು ಹಾಕಿ, ಕೆಳಗೆ ‘ಇನ್‌ಆಕ್ಸೆಸಿಬಲ್ ಪಾತ್ಸ್’ ನಿರ್ದೇಶನಕ್ಕೆ /ಎಂಎನ್‌ಟಿ, /ಮೀಡಿಯಾ, /ಎಸ್‌ಆರ್‌ವಿ ಮೂರನ್ನೂ ಕೊಡಿ. ಸಿಸ್ಟಮ್‌ಡಿ ನಿರ್ದೇಶನಗಳ ಹೆಸರಿನಲ್ಲಿ ಪದಗಳ ನಡುವೆ ಜಾಗವಿಲ್ಲ, ಪ್ರತಿ ಪದದ ಮೊದಲಕ್ಷರ ದೊಡ್ಡದು; ಐಪಿ, ಸಿಪಿಯು ಮಾತ್ರ ಪೂರ್ತಿ ದೊಡ್ಡಕ್ಷರ. ಪ್ರತಿ ದಾರಿಯ ಆರಂಭದಲ್ಲಿ ಅಡ್ಡಗೆರೆ (-) ಹಾಕಿದರೆ, ಆ ಕೋಶ ಇಲ್ಲದಿದ್ದರೂ ಸೇವೆ ಏಳುತ್ತದೆ. ಉಳಿಸಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ಈಗ ಮೊದಲಿನ ಎಲ್‌ಎಸ್ ಪರೀಕ್ಷೆ ನಡೆಸಿದರೆ ಕಡತಗಳು ಮತ್ತೆ ಕಾಣುತ್ತವೆ, ಗಾಬರಿ ಬೇಡ: ಸುಡೊ ಈ ಸೇವೆಯ ಆವರಣದ ಹೊರಗೆ ಓಡುತ್ತದೆ. ನಿಜ ನೋಡಬೇಕಾದರೆ ಎನ್‌ಎಸ್‌ಎಂಟರ್ ಆಜ್ಞೆಗೆ ‘ಟಿ’ ಆಯ್ಕೆಯಲ್ಲಿ ಬಾಯಿಂಕ್ ಪ್ರಕ್ರಿಯೆಯ ಸಂಖ್ಯೆ, ಜೊತೆಗೆ ‘ಎಂ’ ಆಯ್ಕೆ ಕೊಟ್ಟು ಅದೇ ಎಲ್‌ಎಸ್ ಓಡಿಸಿ. ಖಾಲಿ ಬರಬೇಕು.

ಅದೇ ಕಡತದಲ್ಲಿ ಇನ್ನೆರಡು ಸಾಲು ಸೇರಿಸಿ. ಮೊದಲನೆಯದು ಮನೆಯ ನೆಟ್‌ವರ್ಕ್‌ಗೆ ಸಂಬಂಧಿಸಿದ್ದು. ಬಾಯಿಂಕ್ ಹೊರಗಿನ ಸರ್ವರ್ ಜೊತೆ ಮಾತಾಡಬೇಕು, ಸರಿ. ನಿಮ್ಮ ಪ್ರಿಂಟರ್, ಕ್ಯಾಮೆರಾ, ರೌಟರ್ ಜೊತೆ ಅದಕ್ಕೇನು ಕೆಲಸ? ‘ಐಪಿ ಅಡ್ರೆಸ್ ಡಿನೈ’ ನಿರ್ದೇಶನಕ್ಕೆ ಮನೆಯ ಒಳಜಾಲದ ವಿಳಾಸಗಳಾದ 10.0.0.0/8, 172.16.0.0/12, 192.168.0.0/16 ಮತ್ತು ಲಿಂಕ್-ಲೋಕಲ್ ಎಂದು ಕೊಡಿ, ನಡುವೆ ಅಲ್ಪವಿರಾಮವಲ್ಲ, ಜಾಗ. ಉಬುಂಟುವಿನಲ್ಲಿ ಹೆಸರಿನ ಹುಡುಕಾಟ (ಸರ್ವರಿನ ಹೆಸರಿನಿಂದ ಅದರ ವಿಳಾಸ ತಿಳಿಯುವುದು) 127.0.0.53 ಎಂಬ ಒಳವಿಳಾಸದ ಮೂಲಕ ಹೋಗುವುದರಿಂದ ಇದರಿಂದ ತೊಂದರೆಯಾಗದು. ರಿಸಾಲ್ವ್ ಕಡತದಲ್ಲಿ ರೌಟರಿನ ವಿಳಾಸವೇ ನೇರವಾಗಿ ಇರುವ ವಿತರಣೆಗಳಲ್ಲಿ ಮಾತ್ರ ಕ್ಲಯಂಟಿಗೆ ಯಾವ ಸರ್ವರೂ ಸಿಗದೆ ಪರದಾಡುತ್ತದೆ. ಆಗ ಆ ಒಂದು ವಿಳಾಸವನ್ನು ‘ಐಪಿ ಅಡ್ರೆಸ್ ಅಲೌ’ಗೆ ಹಾಕಿ. ಎರಡೂ ಪಟ್ಟಿಯಲ್ಲಿ ಇದ್ದರೆ ಅಲೌ ಗೆಲ್ಲುತ್ತದೆ.

ಎರಡನೆಯದು ‘ನೋ ನ್ಯೂ ಪ್ರಿವಿಲೇಜಸ್’. ಸೆಟ್‌ಯುಐಡಿ ಪ್ರೋಗ್ರಾಂಗಳ (ಓಡಿಸಿದವರ ಬದಲು ತಮ್ಮ ಒಡೆಯರ ಅಧಿಕಾರದಲ್ಲಿ ಓಡುವಂಥವು) ಮೂಲಕ ಅಧಿಕಾರ ಏರಿಸಿಕೊಳ್ಳುವ ದಾರಿಯನ್ನು ಇದು ಮುಚ್ಚುತ್ತದೆ. ಇದರ ಬೆಲೆ ಏನೆಂದರೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ‘ವರ್ಚುವಲ್’ ಯಂತ್ರ ಸೃಷ್ಟಿಸುವ ತಂತ್ರಾಂಶ) ಒಳಗೆ ಓಡುವ ಕೆಲಸಗಳು, ಉದಾಹರಣೆಗೆ ಎಲ್‌ಎಚ್‌ಸಿ ಅಟ್ ಹೋಮ್‌ನ ಕೆಲವು, ಓಡದೆ ನಿಲ್ಲುತ್ತವೆ. ಅವು ಬೇಡವಾದರೆ ಈ ಸಾಲು ಇರಲಿ. ‘ಪ್ರೊಟೆಕ್ಟ್ ಪ್ರಾಕ್’ ಎಂಬುದಕ್ಕೆ ‘ಇನ್‌ವಿಸಿಬಲ್’ ಬೆಲೆ ಕೊಟ್ಟರೆ ನಿಮ್ಮ ಇತರ ಪ್ರಕ್ರಿಯೆಗಳೂ ಅದಕ್ಕೆ ಕಾಣುವುದಿಲ್ಲ; ಆದರೆ ‘ಇಂಥ ಪ್ರೋಗ್ರಾಂ ಓಡುವಾಗ ನಿಲ್ಲು’ ಎಂಬ ಬಾಯಿಂಕ್‌ನ ಸೌಲಭ್ಯವೂ ಕುರುಡಾಗುತ್ತದೆ. ‘ಪ್ರೈವೇಟ್ ಡಿವೈಸಸ್’ ಹಾಕಿದರೆ ಗ್ರಾಫಿಕ್ಸ್ ಕಾರ್ಡ್ ಮಾಯ. ‘ಸಿಸ್ಟಮ್‌ಡಿ-ಅನಲೈಜ್ ಸೆಕ್ಯುರಿಟಿ’ ಆಜ್ಞೆ ಸೇವೆಗೆ ಹತ್ತಕ್ಕೆ ಅಂಕ ಕೊಡುತ್ತದೆ, ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದರೆ ಅಂಕದ ಬೆನ್ನು ಹತ್ತಿ ಎಲ್ಲ ಸಾಲುಗಳನ್ನೂ ತುರುಕಿದವರ ಕ್ಲಯಂಟ್ ಒಂದು ಕೆಲಸವನ್ನೂ ಮುಗಿಸುವುದಿಲ್ಲ. ಒಂದೊಂದೇ ಸಾಲು ಸೇರಿಸಿ, ರೀಸ್ಟಾರ್ಟ್ ಮಾಡಿ, ಜರ್ನಲ್‌ಸಿಟಿಎಲ್‌ನಲ್ಲಿ ದಾಖಲೆ ಓದಿ, ಮುಂದೆ ಹೋಗಿ.

ಫೈರ್‌ವಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಯಿಂಕ್‌ಗೆ ಹೊರಗಿನಿಂದ ಒಳಬರುವ ಯಾವ ಪೋರ್ಟೂ ಬೇಡ. ಹೊರಹೋಗಲು 80 ಮತ್ತು 443 ಸಾಕು. ಯುಎಫ್‌ಡಬ್ಲ್ಯುನಲ್ಲಿ ಒಳಬರುವುದನ್ನೆಲ್ಲ ನಿರಾಕರಿಸಿ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ (ಗೂಢಲಿಪಿಯ ರಕ್ಷಣೆಯಿರುವ ದೂರಸಂಪರ್ಕ) ಕೂತು ಇದನ್ನು ಮಾಡುವವರು ಎಸ್‌ಎಸ್‌ಎಚ್‌ಗೆ ಮೊದಲು ಅನುಮತಿ ಕೊಟ್ಟು ಆಮೇಲೆ ಚಾಲೂ ಮಾಡಲಿ. ನಿಯಂತ್ರಣದ ಪೋರ್ಟ್ 31416 ಸಹಜವಾಗಿ ಒಳಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ತೆರೆದ ಪೋರ್ಟ್‌ಗಳನ್ನು ತೋರಿಸುವ ಎಸ್‌ಎಸ್ ಆಜ್ಞೆಯಲ್ಲಿ ಅದರ ಮುಂದೆ 127.0.0.1 ಕಾಣಬೇಕು. ಇನ್ನೊಂದು ಕಂಪ್ಯೂಟರಿನಿಂದ ನಿಯಂತ್ರಿಸಬೇಕೆಂದರೆ ‘ಅಲೌ ರಿಮೋಟ್ ಜಿಯುಐ ಆರ್‌ಪಿಸಿ’ ಎಂಬ ಆಯ್ಕೆ ಒತ್ತಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಬೇಡ. ಆ ಸಂವಹನಕ್ಕೆ ಗೂಢಲಿಪಿಯ ರಕ್ಷಣೆ ಇಲ್ಲ. ಎಸ್‌ಎಸ್‌ಎಚ್ ಸುರಂಗದಲ್ಲಿ 31416ನ್ನು ನಿಮ್ಮ ಬದಿಗೆ 31417 ಎಂದು ತಂದುಕೊಂಡರೆ ಅದೇ ಕೆಲಸ ಆಗುತ್ತದೆ.

ಇಷ್ಟು ಮಾಡಿದ ಮೇಲೆ ಉಳಿಯುವ ಅಪಾಯ ಕಳ್ಳತನದ್ದಕ್ಕಿಂತ ಬಿಸಿಯದು. ಬ್ರೌಸರ್ ಬಳಸುವಾಗ ಪ್ರೊಸೆಸರ್ ಕ್ಷಣಕ್ಕೊಮ್ಮೆ ಕೆರಳಿ ತಣ್ಣಗಾಗುತ್ತದೆ. ಬಾಯಿಂಕ್ ಅದನ್ನು ಗಂಟೆಗಟ್ಟಲೆ ಒಂದೇ ಸಮ ದುಡಿಸುತ್ತದೆ. ಎರಡು ವರ್ಷದ ಧೂಳು ಕೂತ ಹೀಟ್‌ಸಿಂಕ್‌ನ ಬಣ್ಣ ಆಗ ಬಯಲಾಗುತ್ತದೆ. ಎಲ್‌ಎಂ-ಸೆನ್ಸರ್ಸ್ ಹಾಕಿ, ಪೂರ್ಣ ಹೊರೆಯಲ್ಲಿ ಅರ್ಧ ಗಂಟೆ ಓಡಿಸಿ, ಉಷ್ಣತೆ ನೋಡಿ. ನಿರಂತರ ಓಟಕ್ಕೆ 80 ಡಿಗ್ರಿಯೊಳಗೆ ಇರಲಿ ಎಂಬುದು ನನ್ನ ಮಿತಿ. ಮೀರಿದರೆ ಮ್ಯಾನೇಜರ್‌ನ ‘ಕಂಪ್ಯೂಟಿಂಗ್ ಪ್ರಿಫರೆನ್ಸಸ್’ಗೆ ಹೋಗಿ. ಅಲ್ಲಿ ಎರಡು ಶೇಕಡಾವಾರುಗಳಿವೆ, ಜನ ತಪ್ಪುವುದು ಇಲ್ಲೇ. ‘ಸಿಪಿಯು ಸಮಯದ ಇಷ್ಟು ಶೇಕಡ’ ಎಂಬುದು ಕೆಲಸವನ್ನು ಕೆಲವು ಕ್ಷಣ ಓಡಿಸಿ ಕೆಲವು ಕ್ಷಣ ನಿಲ್ಲಿಸುತ್ತದೆ; ಫ್ಯಾನ್ ಏರಿ ಇಳಿದು ತಲೆ ಚಿಟ್ಟು ಹಿಡಿಸುತ್ತದೆ, ಚಿಪ್ ಬಿಸಿಯಾಗಿ ತಣ್ಣಗಾಗುತ್ತಲೇ ಇರುತ್ತದೆ. ಅದನ್ನು ನೂರರಲ್ಲೇ ಬಿಟ್ಟು, ‘ಸಿಪಿಯುಗಳ ಇಷ್ಟು ಶೇಕಡ’ ಎಂಬುದನ್ನು ಇಳಿಸಿ. ಇದು ಥ್ರೆಡ್‌ಗಳನ್ನು ಎಣಿಸುವುದರಿಂದ ನಿಮ್ಮ ಯಂತ್ರದಲ್ಲಿ 50 ಎಂದರೆ ಎಂಟು ಕೆಲಸ. ಅಲ್ಲಿಂದ ಶುರುಮಾಡಿ. ರ‍್ಯಾಮ್ ಕೂಡ ಅದೇ ಹೇಳುತ್ತದೆ: ರೊಸೆಟ್ಟಾದ ಕೆಲವು ಕೆಲಸಗಳು ಒಂದೊಂದೂ 1 ಜಿಬಿಗಿಂತ ಹೆಚ್ಚು ತಿನ್ನುತ್ತವೆ, ಹದಿನಾರು ಓಡಿಸಿದರೆ ನಿಮ್ಮ 16 ಜಿಬಿ ಮುಗಿದು ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುವ ಸ್ವಾಪ್ ಶುರು.

ವಿದ್ಯುತ್ತಿನ ಲೆಕ್ಕವನ್ನೂ ಹಾಕಿಕೊಳ್ಳಿ. ಹೊರೆಯಿಂದ 60 ವಾಟ್ ಹೆಚ್ಚಾಗಿ, ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 18 ಯುನಿಟ್. ನಿಮ್ಮ ಯಂತ್ರದ ನಿಜವಾದ ಅಂಕಿಯನ್ನು ಪ್ಲಗ್ ಮೀಟರಿನಲ್ಲಿ ನೋಡಿ. ಲ್ಯಾಪ್‌ಟಾಪ್ ಆಗಿದ್ದರೆ ನಾನು ಇದಕ್ಕೆ ಕೈಹಾಕಬೇಡಿ ಎಂದೇ ಹೇಳುತ್ತಿದ್ದೆ.

ಯಂತ್ರ ನಿಧಾನವಾಗುತ್ತದೆಯೇ ಎಂಬುದು ಮುಂದೆ ನೀವು ಕೇಳುವ ಪ್ರಶ್ನೆ. ಬಾಯಿಂಕ್ ಕೆಲಸಗಳು ಅತಿ ಕಡಿಮೆ ಆದ್ಯತೆಯಲ್ಲಿ, ಅಂದರೆ ನೈಸ್ 19ರಲ್ಲಿ, ಓಡುತ್ತವೆ. ಕಾಗದದ ಮೇಲೆ ನಿಮಗೆ ಗೊತ್ತೇ ಆಗಬಾರದು. ಆದರೂ ಮೌಸ್ ತೊದಲುವುದುಂಟು. ಕಾರಣ ಇದು: ಪ್ರಕ್ರಿಯೆಗಳನ್ನು ಗುಂಪು ಮಾಡುವ ಸಿಗ್ರೂಪ್‌ಗಳು ಸಿಪಿಯುವನ್ನು ಹಂಚುವಾಗ ನೈಸ್ ಬೆಲೆಗೆ ತನ್ನ ಗುಂಪಿನೊಳಗೆ ಮಾತ್ರ ಅರ್ಥ. ಬಾಯಿಂಕ್ ಇರುವುದು ಸಿಸ್ಟಮ್ ಸ್ಲೈಸ್ ಎಂಬ ಗುಂಪಿನಲ್ಲಿ, ನಿಮ್ಮ ಬ್ರೌಸರ್ ಇರುವುದು ಯೂಸರ್ ಸ್ಲೈಸ್‌ನಲ್ಲಿ. ಎರಡಕ್ಕೂ ತೂಕ ತಲಾ 100. ಹೀಗಾಗಿ ನೈಸ್ 19 ಇದ್ದರೂ ಬಾಯಿಂಕ್ ಸಮಪಾಲು ಕೇಳುತ್ತದೆ. ಸೇವೆಯ ತೂಕ ಇಳಿಸಿದರೂ ಫಲವಿಲ್ಲ, ಏಕೆಂದರೆ ಪೈಪೋಟಿ ನಡೆಯುವುದು ಒಂದು ಹಂತ ಮೇಲೆ. ಮೊದಲಿನ ಸೇರ್ಪಡೆ ಕಡತದಲ್ಲೇ ‘ಸ್ಲೈಸ್’ ನಿರ್ದೇಶನಕ್ಕೆ ‘ಬಾಯಿಂಕ್.ಸ್ಲೈಸ್’ ಎಂಬ ಹೊಸ ಹೆಸರು ಕೊಡಿ, ಬಳಿಕ ಸಿಸ್ಟಮ್‌ಸಿಟಿಎಲ್‌ನ ‘ಸೆಟ್-ಪ್ರಾಪರ್ಟಿ’ಯಿಂದ ಆ ಸ್ಲೈಸ್‌ನ ‘ಸಿಪಿಯು ವೇಟ್’ 1 ಮಾಡಿ, ಸೇವೆ ರೀಸ್ಟಾರ್ಟ್ ಮಾಡಿ. ನೀವು ಏನೂ ಮಾಡದಾಗ ಬಾಯಿಂಕ್‌ಗೆ ಪೂರ್ತಿ ಸಿಗುತ್ತದೆ, ನೀವು ಬಂದಾಗ ಪಕ್ಕಕ್ಕೆ ಸರಿಯುತ್ತದೆ.

ಇಷ್ಟು ಮಾಡಲೇಬೇಕಾದ ಇನ್ನೊಂದು ಕಾರಣವೂ ಇದೆ. ‘ಕಂಪ್ಯೂಟರ್ ಬಳಕೆಯಲ್ಲಿದ್ದಾಗ ನಿಲ್ಲಿಸು’ ಎಂಬ ಆಯ್ಕೆ ವೇಲ್ಯಾಂಡ್ ಎಂಬ ಪರದೆ ವ್ಯವಸ್ಥೆಯಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಬೇರೆ ಬಳಕೆದಾರನಾಗಿ ಓಡುವ ಸೇವೆಗೆ ನಿಮ್ಮ ಕೀಲಿಮಣೆಯ ಚಟುವಟಿಕೆ ತಿಳಿಯುವುದೇ ಇಲ್ಲ. ಇತರ ಪ್ರೋಗ್ರಾಂಗಳ ಸಿಪಿಯು ಬಳಕೆ 25 ಶೇಕಡ ಮೀರಿದರೆ ನಿಲ್ಲು ಎಂಬ ಆಯ್ಕೆಯನ್ನು, ಅಥವಾ ಗಂಟೆ ನಿಗದಿ ಮಾಡುವ ‘ಡೈಲಿ ಷೆಡ್ಯೂಲ್ಸ್’ ಅನ್ನು ನಂಬಿ. ‘ನಿಲ್ಲಿಸಿದಾಗಲೂ ಮೆಮೊರಿಯಲ್ಲಿ ಇಟ್ಟುಕೋ’ ಎಂಬುದನ್ನು ಆರಿಸಿ, ಇಲ್ಲದಿದ್ದರೆ ಪ್ರತಿ ಸಲವೂ ಕೊನೆಯ ಚೆಕ್‌ಪಾಯಿಂಟ್‌ನಿಂದ (ಡಿಸ್ಕಿಗೆ ಉಳಿಸಿದ ಹಂತದಿಂದ) ಮತ್ತೆ ಶುರು. ಚೆಕ್‌ಪಾಯಿಂಟ್ ಅಂತರ 60 ಸೆಕೆಂಡ್ ಇರುವುದನ್ನು 300 ಮಾಡಿದರೆ ಎಸ್‌ಎಸ್‌ಡಿ ಮೇಲೆ ಬರವಣಿಗೆ ಕಡಿಮೆ. ಕೆಲಸದ ದಾಸ್ತಾನು 0.1 ದಿನ, ಹೆಚ್ಚುವರಿ 0.5 ದಿನ ಎಂದು ಇರುವುದನ್ನು ಏರಿಸಬೇಡಿ. ಹತ್ತು ದಿನದ ಕೆಲಸ ರಾಶಿ ಹಾಕಿಕೊಂಡು ಗಡುವು ಮೀರಿದರೆ ಅದೇ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ, ನಿಮ್ಮ ವಿದ್ಯುತ್ತು ದಂಡ.

ಆಗಾಗ ಎದುರಾಗುವ ಒಂದೆರಡು ತೊಡಕು. ಪ್ರಮಾಣಪತ್ರ ದೃಢಪಡಲಿಲ್ಲ ಎಂಬ ಸಂದೇಶ ಬಂದರೆ ಗಡಿಯಾರ ತಪ್ಪಿದೆಯೇ ನೋಡಿ, ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜ್ ನವೀಕರಿಸಿ. ಗ್ರಾಫಿಕ್ಸ್ ಕಾರ್ಡ್ ಇದ್ದೂ ‘ನೋ ಯೂಸಬಲ್ ಜಿಪಿಯುಸ್ ಫೌಂಡ್’ ಎಂದರೆ ಬಾಯಿಂಕ್ ಬಳಕೆದಾರನನ್ನು ವಿಡಿಯೊ ಮತ್ತು ರೆಂಡರ್ ಗುಂಪಿಗೆ ಸೇರಿಸಿ, ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಓಪನ್‌ಸಿಎಲ್ ಚಾಲಕ ಇದೆಯೇ ಎಂದು ಸಿಎಲ್‌ಇನ್ಫೊದಲ್ಲಿ ನೋಡಿ. ಬೂಟ್ ಆದಾಗ ಮಾತ್ರ ಹೀಗಾಗಿ, ಕೈಯಾರೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿದ್ದರೆ, ಚಾಲಕಕ್ಕಿಂತ ಮೊದಲೇ ಸೇವೆ ಏಳುತ್ತಿದೆ.

ಎಲ್ಲವನ್ನೂ ವರ್ಚುವಲ್ ಯಂತ್ರದೊಳಗೇ ಇಟ್ಟರೆ ಇನ್ನೂ ಕ್ಷೇಮವಲ್ಲವೇ ಎಂದರೆ, ಕಡತಗಳ ಮಟ್ಟಿಗೆ ಹೌದು. ಆದರೆ ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರ ನಡೆಸುವ ಲಿಬ್‌ವರ್ಟ್‌ನ ಸಾಮಾನ್ಯ ನ್ಯಾಟ್ ಜಾಲದಿಂದ ಒಳಗಿನ ಯಂತ್ರ ನಿಮ್ಮ ಮನೆಯ ಉಳಿದ ಸಾಧನಗಳನ್ನು ಆರಾಮವಾಗಿ ತಲುಪುತ್ತದೆ; ಅದನ್ನು ಬೇರೆಯಾಗಿ ತಡೆಯಬೇಕು. ಇನ್ನೊಂದು ಮಾತು, ಕಚೇರಿಯ ಕಂಪ್ಯೂಟರಿನಲ್ಲಿ ಲಿಖಿತ ಅನುಮತಿಯಿಲ್ಲದೆ ಇದನ್ನು ಹಾಕಬೇಡಿ. ಅಮೆರಿಕದ ಜಾರ್ಜಿಯಾದಲ್ಲಿ ಕಾಲೇಜಿನ ಯಂತ್ರಗಳಲ್ಲಿ ಇಂಥ ಪ್ರೋಗ್ರಾಂ ಹಾಕಿದ ತಂತ್ರಜ್ಞನ ಮೇಲೆ ಮೊಕದ್ದಮೆಯೇ ನಡೆದು, 2002ರಲ್ಲಿ ರಾಜಿಯಲ್ಲಿ ಮುಗಿಯಿತು.

ಸಾಕೆನಿಸಿದಾಗ ಪ್ಯಾಕೇಜನ್ನು ಒಮ್ಮೆಲೇ ಕಿತ್ತುಹಾಕಬೇಡಿ. ಮ್ಯಾನೇಜರ್‌ನಲ್ಲಿ ಯೋಜನೆಗೆ ‘ನೋ ನ್ಯೂ ಟಾಸ್ಕ್ಸ್’ ಒತ್ತಿ, ಇರುವ ಕೆಲಸ ಮುಗಿದು ವರದಿಯಾಗಲಿ. ಆಮೇಲೆ ಯೋಜನೆಯಿಂದ ಬೇರ್ಪಡಿಸಿ, ಆಪ್ಟ್ ಪರ್ಜ್ ಕೊಟ್ಟು, /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಕೆಳಗೆ ನೀವು ಬರೆದ ಸೇರ್ಪಡೆ ಕಡತ ಉಳಿದಿದ್ದರೆ ಅದನ್ನೂ ಅಳಿಸಿ.